ಕಿಳಿಯಂಪಾರದ ಕುಂಜೇಲಿ ಹರಕೆ ತೀರಿಸಿದ್ದು

ಕಿಳಿಯಂಪಾರ ಮನೆಯ ಕುಂಜೇಲಿಗೆ ಹನ್ನೊಂದು ಮಕ್ಕಳು. ತೊಡುಪುಳದ ಮೇಲಿನ ಆ ಗುಡ್ಡಗಳಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಬೇಲಿಯಾಚೆ ಮನೆಯಲ್ಲಿ ಒಂಬತ್ತು, ಹೊಳೆಯಾಚೆ ಅವಳ ನಾದಿನಿಗೆ ಹದಿಮೂರು. ಆದರೆ ಕುಂಜೇಲಿಯ ಪ್ರಾರ್ಥನೆಯ ರೀತಿ ಮಾತ್ರ ಉಳಿದ ತಾಯಂದಿರದ್ದಲ್ಲ. 'ನನ್ನ ಮಕ್ಕಳನ್ನು ಕಾಪಾಡು' ಎಂದು ಒಂದೇ ಮಾತಿನಲ್ಲಿ ಹೇಳಿ ಅವಳು ಎದ್ದು ಬರುವವಳಲ್ಲ. ದೇವರಿಗೆ ಎಷ್ಟೊಂದು ಮನೆಗಳ ಕೆಲಸ. ಗುಂಪಾಗಿ ಹೇಳಿದರೆ ಒಬ್ಬಿಬ್ಬರು ಕೈತಪ್ಪಿ ಹೋದಾರು ಎಂದು ಅವಳಿಗೆ ಅಂಜಿಕೆ. ಅದಕ್ಕೇ ಒಬ್ಬೊಬ್ಬರ ಹೆಸರಿಗೂ ಒಂದೊಂದು ಪರಲೋಕ ಜಪ, ಜೊತೆಗೆ ಸ್ವಲ್ಪ ವಿವರ. 'ಪೈಲಿ, ದೊಡ್ಡವನು, ಸಿಟ್ಟು ಜಾಸ್ತಿ. ಬ್ರಿಜೀತ್ತ, ಐದನೆಯವಳು, ಅವಳ ನಾಲಿಗೆಯನ್ನು ನೀನೇ ನೋಡಿಕೋ. ಚಾಂಡಿ, ಏಳನೆಯವನು, ಗಣಿತದಲ್ಲಿ ಮತ್ತೆ ಫೇಲು.' ಹೀಗೆ ಹನ್ನೊಂದನೆಯ ಅಂತಪ್ಪನ್‌ವರೆಗೆ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು.

ಅವಳ ಗಂಡ ಔತಕ್ಕುಟ್ಟಿ ಒಳ್ಳೆಯವನು, ಆದರೆ ಅವಸರದವನು. ಅವನಿಗೆ ಮೂರು ಎಕರೆ ರಬ್ಬರು, ಒಂದು ಹಸು, ಒಂದು ಹಳೆಯ ಜೀಪು. ಜೀಪಿನಲ್ಲಿ ಎಲ್ಲರೂ ಹೊರಟರೆ ಅವನದೇ ಒಂದು ಕ್ರಮ. ಮಕ್ಕಳು ಹುಟ್ಟಿದ ಸಾಲಿನಲ್ಲಿ ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಪೈಲಿ 'ಒಂದು' ಎಂದು ಶುರುಮಾಡಿದರೆ ನಾಲ್ಕು ವರ್ಷದ ಅಂತಪ್ಪನ್ 'ಹನ್ನೊಂದು' ಎಂದು ಮುಗಿಸಬೇಕು. ಹನ್ನೊಂದು ಕಿವಿಗೆ ಬಿದ್ದ ಕೂಡಲೇ ಔತಕ್ಕುಟ್ಟಿ ಗೇರು ಹಾಕುತ್ತಿದ್ದ. ಕುಂಜೇಲಿಗೆ ಸಂಖ್ಯೆ ಇರಲಿಲ್ಲ. ಯಾಕೆಂದರೆ ಹಿಂದಿನ ಬೆಂಚಿನ ತುದಿಯಲ್ಲಿ, ಮಕ್ಕಳು ಉರುಳಿ ಬೀಳದ ಹಾಗೆ ಬಾಗಿಲಿಗೆ ಅಗುಳಿಯಂತೆ ಕೂರುವವಳು ಅವಳೇ.

ಆರು ವರ್ಷದ ಹಿಂದೆ ಆ ಮನೆಗೆ ದಡಾರ ಬಂತು. ಆಗ ಇದ್ದ ಹತ್ತು ಮಕ್ಕಳೂ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದವು. ಏಳನೆಯ ದಿನ ಅವಳಿಗಳಾದ ಮತ್ತನ್, ತೊಮ್ಮನ್ ಇಬ್ಬರೂ ಕಣ್ಣೇ ತೆರೆಯಲಿಲ್ಲ. ಕುಂಜೇಲಿ ಮಂಡಿಯೂರಿ ಮಲಯಾಟ್ಟೂರಿನ ಮುತ್ತಪ್ಪನಿಗೆ, ಅಂದರೆ ಬೆಟ್ಟದ ಮೇಲಿನ ಸಂತ ತೋಮಾರಿಗೆ, ಹರಕೆ ಹೊತ್ತಳು: "ಇವರೆಲ್ಲ ಎದ್ದರೆ ನನ್ನ ಮಕ್ಕಳನ್ನೆಲ್ಲ ಬೆಟ್ಟ ಹತ್ತಿಸಿ, ನಿನ್ನ ಮುಂದೆ ಒಂದೇ ಹೊತ್ತಿಗೆ ನಿಲ್ಲಿಸಿ ತೋರಿಸ್ತೀನಿ. ಒಂದೂ ಕಮ್ಮಿ ಇರಲ್ಲ."

ಮಕ್ಕಳು ಎದ್ದರು. ಹರಕೆ ಏಳಲಿಲ್ಲ. ಬೆಟ್ಟ ಹತ್ತುವ ಐವತ್ತು ದಿನದ ಉಪವಾಸ ಕಾಲ ಬಂತೆಂದರೆ ಮನೆಯಲ್ಲಿ ಏನಾದರೊಂದು ಕಾದಿರುತ್ತಿತ್ತು. ಮೊದಲ ವರ್ಷ ಮೂವರಿಗೆ ಮಂಗನಬಾವು. ಮರುವರ್ಷ ಅಂತಪ್ಪನ್ ಹೊಟ್ಟೆಯಲ್ಲಿದ್ದ. ಅವನು ಹುಟ್ಟಿದ ಮೇಲೆ ಹೊಸ ತಕರಾರು: ಹರಕೆ ಹೊತ್ತಾಗ ಇಲ್ಲದ ಮಗು ಹರಕೆಗೆ ಸೇರುತ್ತದೋ ಇಲ್ಲವೋ? ಪಾದ್ರಿಯಚ್ಚನ್ ಗಡ್ಡ ತುರಿಸಿಕೊಂಡು, "ಎಲ್ಲ ಅಂತ ಹೇಳಿದ್ಯಲ್ಲ ಕುಂಜೇಲೀ, ಸೇರ್ತಾನೆ. ಇನ್ನೊಂದು ಬರೋದಕ್ಕೆ ಮುಂಚೆ ಹೋಗಿ ಬಾ," ಎಂದರು. ಅದರ ಮುಂದಿನ ವರ್ಷ ಪೈಲಿ ಹಲಸಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ.

ಇಷ್ಟರಲ್ಲಿ ಎರಡನೆಯವಳು ಸೆಲೀನ ಕಾನ್ವೆಂಟಿಗೆ ಸೇರುತ್ತೇನೆ, ಸಿಸ್ಟರ್ ಆಗುತ್ತೇನೆ ಎಂದಳು. ಒಮ್ಮೆ ಒಳಗೆ ಹೋದರೆ ವರ್ಷಗಟ್ಟಲೆ ಹೊರಗೆ ಬರುವ ಹಾಗಿಲ್ಲ. "ಅಮ್ಮಚ್ಚಿಯ ಹರಕೆ ತೀರಲಿ, ಆಮೇಲೆ ಹೋಗ್ತೀನಿ," ಎಂದು ಅವಳೇ ಒಂದು ವರ್ಷ ಕಾದಳು. ಆ ವರ್ಷ ಚಾಂಡಿಗೆ ಕಾಮಾಲೆ ಬಂತು. ಇನ್ನೊಂದು ವರ್ಷ ಕಾದಳು. ಈಗ ಕಾನ್ವೆಂಟಿನ ಮದರ್ ಹೇಳಿ ಕಳಿಸಿದ್ದರು, ಈ ಭಾನುವಾರ ಮಧ್ಯಾಹ್ನ ಕರೆದುಕೊಂಡು ಹೋಗಲು ಬರುತ್ತೇವೆ. ಹರಕೆ ಉಳಿದಿದ್ದರೆ ತಿಳಿಸಿ, ಮುಂದಿನ ವರ್ಷ ನೋಡೋಣ ಎಂದು.

ಮಗಳು ದೇವರ ಮನೆಗೆ ಹೋಗುವುದು ಕುಂಜೇಲಿಗೆ ಸಂತೋಷವೇ. ಹಾಗೆಂದು ಊರಿಗೆಲ್ಲ ಹೇಳಿದ್ದಳು. ಹಾಲು ಕರೆಯುವಾಗ ಹಸುವಿನ ಹತ್ತಿರ ಮಾತ್ರ ಬೇರೆ ಏನೋ ಹೇಳುತ್ತಿದ್ದಳು.

ಉಳಿದದ್ದು ಶನಿವಾರ ಒಂದೇ ದಿನ. ಬೆಳಿಗ್ಗೆ ಐದಕ್ಕೆ ಜೀಪು ಹೊರಟಿತು. ಬುಟ್ಟಿಯಲ್ಲಿ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ, ಬಾಳೆಲೆಯಲ್ಲಿ ಕಟ್ಟಿದ ಹದಿಮೂರು ಅನ್ನದ ಪೊಟ್ಟಣ. ಹನ್ನೊಂದು ಮಕ್ಕಳೂ ಗಟ್ಟಿಯಾಗಿದ್ದರು. ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಕುಂಜೇಲಿ ಎಲ್ಲರ ಹಣೆ ಮುಟ್ಟಿ ನೋಡಿದ್ದಳು.

ವಾಳಕ್ಕುಳಂ ದಾಟಿದ ಮೇಲೆ ದಾರಿಬದಿಯಲ್ಲಿ ಒಂದು ಪುಟ್ಟ ಶಿಲುಬೆಗುಡಿ. ಆ ದಾರಿಯ ಲಾರಿಗಳೂ ಅಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಔತಕ್ಕುಟ್ಟಿಯೂ ನಿಲ್ಲಿಸಿದ. ಮಕ್ಕಳು ಇಳಿದು, ಮೇಣದಬತ್ತಿ ಹಚ್ಚಿ, ಮತ್ತೆ ಹತ್ತಿದರು. ಕುಂಜೇಲಿ ಮಾತ್ರ ಶಿಲುಬೆಯ ಹಿಂಬದಿಯ ನೆರಳಿನಲ್ಲಿ ಮಂಡಿಯೂರಿದಳು. ಇಂಥ ದಿನ ಹೆಸರು ಹಿಡಿದು ಹೇಳದೆ ಹೋಗುವುದುಂಟೆ? ಪೈಲಿ, ಸೆಲೀನ, ವರ್ಕಿ ಎಂದು ಶುರುಮಾಡಿದಳು.

ಒಂಬತ್ತನೆಯದಕ್ಕೆ ಬಂದಾಗ ಜೀಪಿನಲ್ಲಿ ಸಂಖ್ಯೆ ಕೂಗುವುದು ಕೇಳಿಸಿತು. 'ಹನ್ನೊಂದು' ಎಂದು ಅಂತಪ್ಪನ್ ಎಲ್ಲರಿಗಿಂತ ಜೋರಾಗಿ ಕೂಗಿದ. ಜೀಪು ಗುರ್ರ್ ಎಂದಿತು. ಕುಂಜೇಲಿಗೆ ಎಲ್ಲ ಕೇಳಿಸಿತು. ಆದರೆ ಇನ್ನೂ ಇಬ್ಬರು ಬಾಕಿ. ಒಂಬತ್ತು ಜನರನ್ನು ದೇವರ ಕೈಗೆ ಒಪ್ಪಿಸಿ ಇಬ್ಬರನ್ನು ನಡುದಾರಿಯಲ್ಲಿ ಬಿಟ್ಟು ಏಳುವುದು ಹೇಗೆ? ಕಾಯುತ್ತಾರೆ ಬಿಡು ಎಂದುಕೊಂಡು ಹತ್ತು, ಹನ್ನೊಂದು ಮುಗಿಸಿ, ಶಿಲುಬೆ ಗುರುತು ಹಾಕಿ, ಉಟ್ಟಿದ್ದ ಬಿಳಿ ಮುಂಡು ಕೊಡವಿಕೊಂಡು ಎದ್ದು ಬಂದಳು. ರಸ್ತೆಯಲ್ಲಿ ಧೂಳು ಇನ್ನೂ ಕೆಳಗಿಳಿದಿರಲಿಲ್ಲ. ಜೀಪು ಇರಲಿಲ್ಲ.

ಗುಡಿಯ ಪಕ್ಕ ಚಹಾದಂಗಡಿ ಇಟ್ಟಿದ್ದ ಪಾಪ್ಪಿ ಎಂಬ ಮುದುಕ ಎಲ್ಲವನ್ನೂ ನೋಡಿದ್ದ.

"ಅದು ನಿಮ್ಮ ಜೀಪೇ ಅಲ್ವಾ ಅಮ್ಮಚ್ಚೀ?"

"ಹೌದು."

"ಕೂಗ್ಬಾರದಿತ್ತಾ?"

"ಜಪ ನಡೀತಿತ್ತು."

ಪಾಪ್ಪಿಗೆ ಅದು ಸರಿಯಾದ ಉತ್ತರವಾಗಿಯೇ ಕಂಡಿತು. "ಹಾಗಾದ್ರೆ ಕೂತ್ಕೊಳ್ಳಿ. ಬಂದೇ ಬರ್ತಾರೆ. ಎಷ್ಟು ಚಹಾ?"

"ಒಂದು," ಎಂದಳು ಕುಂಜೇಲಿ. ಹೇಳಿದ ಮೇಲೆ ಆ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ಇಪ್ಪತ್ತಮೂರು ವರ್ಷದಿಂದ ಅವಳು ಯಾವ ಅಂಗಡಿಯಲ್ಲೂ ಒಂದು ಚಹಾ ಕೇಳಿರಲಿಲ್ಲ. ಲೋಟಕ್ಕೆ ಬೇರೆ ಯಾರೂ ಬೆರಳು ಅದ್ದಲಿಲ್ಲ. ಯಾರೂ ಕೊನೆಯ ಗುಟುಕು ಕೇಳಲಿಲ್ಲ. ಬಿಸಿಬಿಸಿಯಾಗಿ ಪೂರ್ತಿ ಕುಡಿದಳು. ಕುಡಿದು, ಇದೊಂದು ಪಾಪವೇನೋ ಎಂದು ಶಿಲುಬೆಯ ಕಡೆ ಒಮ್ಮೆ ನೋಡಿದಳು.

ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಜೀಪು ಬರಲಿಲ್ಲ. ಬಂದದ್ದು ಉಪವಾಸ ಕಾಲಕ್ಕೆಂದು ಬಿಟ್ಟಿದ್ದ ಮಲಯಾಟ್ಟೂರು ಸ್ಪೆಷಲ್ ಬಸ್ಸು. ಕುಂಜೇಲಿ ಯೋಚಿಸಿದಳು. ಅವರು ಇನ್ನೂ ಗಮನಿಸಿರಲಿಕ್ಕಿಲ್ಲ. ಗಮನಿಸಿ ಹಿಂದಕ್ಕೆ ಬಂದರೆ ಅರ್ಧ ದಿನ ಹಾಳು. ಮುದಿ ಜೀಪನ್ನು ಈ ಬಸ್ಸು ದಾರಿಯಲ್ಲೇ ಹಿಡಿದೀತು. ಮುಂಡಿನ ತುದಿಯಲ್ಲಿ ಬಸ್ಸಿಗೆ ಸಾಲುವಷ್ಟು ಕಾಸು ಗಂಟು ಕಟ್ಟಿಕೊಂಡಿದ್ದಳು.

"ಯಾರಾದ್ರೂ ಬಂದು ಕೇಳಿದ್ರೆ, ಹೋಗಿದ್ದಾಳೆ ಅಂತ ಹೇಳಿಬಿಡಿ," ಎಂದು ಪಾಪ್ಪಿಗೆ ಹೇಳಿ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ಇವತ್ತಿನ ದಿನ ಅವಳು ಹೋಗುವುದಕ್ಕೆ ಬೇರೆ ಜಾಗವಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದಲ್ಲಿ ರಾಹೇಲಮ್ಮ ಎಂಬ ದಪ್ಪ ಹೆಂಗಸು, ಬೆಟ್ಟಕ್ಕೇ ಹೊರಟವಳು. ಬಸ್ಸು ಎರಡು ಮೈಲಿ ಹೋಗಿರಲಿಲ್ಲ, ತಿರುವಿನಲ್ಲಿ ಎದುರಿಗೆ ಅವರ ಜೀಪು ಹಾರ್ನು ಬಾರಿಸುತ್ತ ಬಂದು, ಬಸ್ಸಿಗೆ ತಾಗಿತೋ ಎನ್ನುವ ಹಾಗೆ ಉಜ್ಜಿಕೊಂಡು ಹಾದುಹೋಯಿತು. ಔತಕ್ಕುಟ್ಟಿ ರಸ್ತೆಯನ್ನೇ ನುಂಗುವಂತೆ ನೋಡುತ್ತಿದ್ದ. ಹಿಂದುಗಡೆ ಬೆಂಚುಗಳು ಖಾಲಿ. ಒಂದು ತಲೆಯೂ ಇರಲಿಲ್ಲ.

"ನಿಲ್ಲಿಸಪ್ಪಾ," ಎಂದು ಕುಂಜೇಲಿ ಎದ್ದಳು. "ನಮ್ಮ ಜೀಪು ಅದು."

ಕಂಡಕ್ಟರ್ ದಿವಾಕರನ್ ತಿರುಗಿ ನೋಡಿದ. "ಆ ವೇಗಕ್ಕೆ ಅದು ಈಗ ತೊಡುಪುಳ ಮುಟ್ಟಿರುತ್ತೆ ಅಮ್ಮಚ್ಚೀ. ಜೀಪಲ್ಲಿ ಏನಾದ್ರೂ ಬಿಟ್ರಾ?"

"ಹನ್ನೊಂದು ಮಕ್ಕಳು ಇದ್ವು. ಈಗ ಕಾಣ್ತಿಲ್ಲ."

ರಾಹೇಲಮ್ಮ ಅವಳ ಕೈ ಹಿಡಿದು ಕೂರಿಸಿ, ಹೊಟ್ಟೆಯಲ್ಲಿ ಹುಟ್ಟಿದ್ದಾ ಅಥವಾ ಶಾಲೆಯ ಮಕ್ಕಳಾ ಎಂದು ಮೆಲ್ಲಗೆ ವಿಚಾರಿಸಿದಳು. ಕುಂಜೇಲಿಯ ಕೈಯಲ್ಲಿದ್ದ ಜಪಸರದ ಮಣಿಗಳು ಒಂದರ ಮೇಲೊಂದು ಓಡುತ್ತಿದ್ದವು.

ಮೂವಾಟ್ಟುಪುಳದ ಸೇತುವೆಯ ತುದಿಯಲ್ಲಿ ಬಸ್ಸು ನಿಂತಾಗ ಹೊರಗಿನಿಂದ ಒಂದು ಪರಿಚಯದ ದನಿ ಕೇಳಿತು. "ಇದರಲ್ಲೂ ಇಲ್ಲ ಅನ್ಸುತ್ತೆ ಕಣೋ. ಆ ಕಡೆ ಕಿಟಕಿ ನೋಡು." ಬ್ರಿಜೀತ್ತ ಒಂದು ಕಡೆ, ಚಾಂಡಿ ಇನ್ನೊಂದು ಕಡೆ ಬಸ್ಸಿಗೆ ಸುತ್ತು ಹಾಕುತ್ತ ಪ್ರತಿ ಕಿಟಕಿಯೊಳಗೂ ಇಣುಕುತ್ತಿದ್ದರು.

"ಬ್ರಿಜೀತ್ತೇ."

"ಅಮ್ಮಚ್ಚೀ, ಅಲ್ಲಿ ಏನ್ ಮಾಡ್ತಿದ್ದೀರಿ?" ಎಂದಳು ಬ್ರಿಜೀತ್ತ, ಕಳೆದುಹೋದವಳು ತಾಯಿಯಲ್ಲ, ಬಸ್ಸು ಎಂಬಂತೆ. "ಇಳೀರಿ. ಅಪ್ಪಚ್ಚನ್ ನಮ್ಮನ್ನ ಇಲ್ಲಿ ಕಾವಲಿಗೆ ನಿಲ್ಲಿಸಿ ಹೋಗಿದ್ದಾರೆ."

"ನಾನ್ಯಾಕೆ ಇಳೀಲಿ? ನೀವು ಹತ್ತಿ. ಉಳಿದವರೆಲ್ಲಿ?"

"ಮುಂದೆ. ದಾರಿ ಉದ್ದಕ್ಕೂ ಬಿತ್ತಿಕೊಂಡು ಬಂದಿದ್ದಾರೆ."

ಮಕ್ಕಳಿಬ್ಬರೂ ಹತ್ತಿದರು. ಬಸ್ಸು ಹೊರಟಿತು. ಬ್ರಿಜೀತ್ತ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ನಡೆದದ್ದನ್ನು ಹೇಳಿದಳು. ಆ ಮನೆಯವರು ಪಯಣದಲ್ಲಿ ಜಪಸರ ಹೇಳುವುದು ಪದ್ಧತಿ. ಐದು ಹತ್ತುಗಳು, ಒಂದೊಂದು ಹತ್ತನ್ನು ಒಬ್ಬೊಬ್ಬರು ನಡೆಸಬೇಕು, ಐದನೆಯದು ಯಾವತ್ತೂ ಅಮ್ಮಚ್ಚಿಯದು.

"ಸೇತುವೆ ದಾಟಿದ ಮೇಲೆ ಶುರು ಮಾಡಿದ್ವಿ. ಒಂದು ಅಪ್ಪಚ್ಚನ್, ಎರಡು ಪೈಲಿ ಚೇಟ್ಟಾಯಿ, ಮೂರು ಸೆಲೀನ ಚೇಚ್ಚಿ, ನಾಲ್ಕು ನಾನು. ಐದನೇದು ಬಂತು. ಯಾರೂ ಬಾಯಿ ಬಿಡಲ್ಲ. ಅಪ್ಪಚ್ಚನ್ ಮುಂದಿನಿಂದ, 'ನಿಮ್ಮಮ್ಮ ನಿದ್ದೆ ಹೋಗಿದ್ದಾಳೆ, ತಿವೀರಿ' ಅಂದ್ರು. ನಾವೋ, ನೀವು ಮುಂದೆ ಅಂತಪ್ಪನ್ ಜೊತೆ ಕೂತಿದ್ದೀರಿ ಅಂದ್ಕೊಂಡಿದ್ವಿ. ತಿವಿಯೋಕೆ ಯಾರೂ ಸಿಗಲಿಲ್ಲ."

"ಆಗ ಜೀಪು ತಿರುಗಿಸಿದ್ರಾ?" ಎಂದಳು ರಾಹೇಲಮ್ಮ.

"ಅದೆಂಗೆ? ಐದನೇ ಹತ್ತು ಅಪ್ಪಚ್ಚನ್ನೇ ಹೇಳಿ ಮುಗಿಸಿದ್ರು. ಆಮೇಲೆ ತಿರುಗಿಸಿದ್ದು. ಅರ್ಧಕ್ಕೆ ಬಿಡಬಾರದಲ್ಲ."

"ಕೊನೆಯ ಲಿತಾನಿ ಪ್ರಾರ್ಥನೆ?" ಎಂದಳು ಕುಂಜೇಲಿ.

"ಅದು ಹಿಂದಕ್ಕೆ ಬರುವಾಗ ಹೇಳಿದ್ವಿ."

"ಸರಿ ಮಾಡಿದ್ರಿ," ಎಂದಳು ಕುಂಜೇಲಿ. ದಿವಾಕರನ್ ತಲೆಯ ಮೇಲೆ ಕೈಯಿಟ್ಟುಕೊಂಡ.

ಹಿಂದಕ್ಕೆ ಬರುವಾಗ ಔತಕ್ಕುಟ್ಟಿಗೆ ಒಂದು ಉಪಾಯ ಹೊಳೆದಿತ್ತು. ಅವಳು ಬಸ್ಸಿನಲ್ಲಿ ಎದುರಿಗೆ ಬಂದು ದಾಟಿಹೋದರೆ ಗೊತ್ತಾಗುವುದು ಹೇಗೆ? ಅದಕ್ಕೆ ನಾಲ್ಕು ಕಡೆ ಬಸ್‌ಸ್ಟಾಪಿನಲ್ಲಿ ಮಕ್ಕಳನ್ನು ಇಳಿಸಿದ್ದ. ಬಂದ ಬಸ್ಸನ್ನೆಲ್ಲ ನೋಡಬೇಕು, ಅಮ್ಮ ಕಂಡರೆ ಇಳಿಸಿಕೊಳ್ಳಬೇಕು. ಸೇತುವೆಯ ಹತ್ತಿರ ಇಬ್ಬರು, ಉಳಿದ ಮೂರು ಕಡೆ ಮೂರು ಮೂರು ಜನ.

ಎರಡನೆಯ ಸ್ಟಾಪಿನಲ್ಲಿ ಮೂರನೆಯವನು ವರ್ಕಿ ಇಬ್ಬರು ತಂಗಿಯರ ಜೊತೆ ರಸ್ತೆಯ ನಡುವೆ ನಿಂತು ಎರಡೂ ಕೈ ಅಗಲಿಸಿ ಬಸ್ಸನ್ನು ತಡೆದ. ಡ್ರೈವರ್ ಬೈಯಲು ಬಾಯಿ ತೆರೆದ. "ಬೈಬೇಡಿ, ಅವನೂ ನಮ್ಮವನೇ," ಎಂದಳು ಕುಂಜೇಲಿ.

"ಇನ್ನೆಷ್ಟಿದೆ ಅಮ್ಮಚ್ಚೀ?" ಎಂದ ದಿವಾಕರನ್.

"ಐದಾಯ್ತು. ಇನ್ನು ಆರು."

ಬಸ್ಸಿನವರಿಗೆಲ್ಲ ಈಗ ಇದು ತಮ್ಮ ಮನೆಯ ಕೆಲಸವಾಗಿತ್ತು. ಎಡಗಡೆ ಕೂತವರು ಎಡಗಡೆ, ಬಲಗಡೆಯವರು ಬಲಗಡೆ ಕಣ್ಣಿಟ್ಟರು. ರಸ್ತೆಯಲ್ಲಿ ಯಾವ ಮಗು ಕಂಡರೂ, "ಇದು ನಿಮ್ಮದಾ? ನೋಡಿ, ಇದು ನಿಮ್ಮದಾ?" ಹಿಂದಿನ ಸೀಟಿನ ಒಬ್ಬ ಮುದುಕ, ಕೋಳಿ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ ಯಾರದೋ ಹುಡುಗಿಯನ್ನು ಹತ್ತಿಸಿಕೊಳ್ಳಲೇಬೇಕೆಂದು ಗಂಟೆ ಹೊಡೆದೇಬಿಟ್ಟ.

ಮೂರನೆಯ ಸ್ಟಾಪಿನಲ್ಲಿ ಸೆಲೀನ ಇದ್ದಳು. ಎರಡು ಕೈಯಲ್ಲಿ ಅವಳಿಗಳಿಬ್ಬರನ್ನೂ ಹಿಡಿದು, ಮರದ ನೆರಳಲ್ಲಿ ನೆಟ್ಟಗೆ ನಿಂತಿದ್ದಳು. ತಾಯಿಯನ್ನು ಕಂಡಾಗ ಓಡಿಬರಲಿಲ್ಲ. ಮಕ್ಕಳನ್ನು ಮೊದಲು ಹತ್ತಿಸಿ, ತಾನು ಹತ್ತಿ, ತಾಯಿಯ ಹೆಗಲ ಮೇಲೆ ಕೈಯಿಟ್ಟಳು. "ಚಹಾ ಕುಡಿದ್ರಾ ಅಮ್ಮಚ್ಚಿ?"

"ಕುಡಿದೆ. ಪೂರ್ತಿ ಒಂದು ಲೋಟ," ಎಂದು ಕುಂಜೇಲಿ ತಪ್ಪೊಪ್ಪಿಕೊಂಡಳು.

ಎಂಟಾಯಿತು. ಉಳಿದವರು ಮೂವರು: ಪೈಲಿ, ಆರನೆಯವಳಾದ ತ್ರೇಸ್ಯ, ಮತ್ತೆ ಅಂತಪ್ಪನ್. ಕೀಳಿಲ್ಲಂನ ಶಾಲೆಯ ಹತ್ತಿರ ಇಳಿಸಿದ್ದಾರೆ ಎಂದು ಸೆಲೀನ ಹೇಳಿದಳು. ಶಾಲೆ ಬಂತು. ಬಸ್ಸು ತಾನಾಗಿಯೇ ನಿಧಾನವಾಯಿತು. ಎಲ್ಲರೂ ಎದ್ದು ನೋಡಿದರು.

ಅಲ್ಲಿ ಒಂದು ಮೇಕೆ ಮಾತ್ರ ನಿಂತಿತ್ತು.

ದಿವಾಕರನ್ ಇಳಿದು ಹೋಗಿ ಅಂಗಡಿಯಲ್ಲಿ ಕೇಳಿ ಬಂದ. ಮೂವರು ಇದ್ದದ್ದು ನಿಜ. ಈಗ ಅರ್ಧ ಗಂಟೆಯಿಂದ ಕಾಣುತ್ತಿಲ್ಲ. ಅಂಗಡಿಯವನು ತಿಂಡಿಗೆ ಒಳಗೆ ಹೋಗಿದ್ದ, ನೋಡಿಲ್ಲ.

"ಮುಂದಕ್ಕೆ ಹೋದ್ರೋ, ಹಿಂದಕ್ಕೆ ಹೋದ್ರೋ?" ಎಂದಳು ರಾಹೇಲಮ್ಮ.

ಯಾರಿಗೂ ಗೊತ್ತಿರಲಿಲ್ಲ. ಕುಂಜೇಲಿ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕೂತಳು. ಪೈಲಿಗೆ ಇಪ್ಪತ್ತೆರಡು ವರ್ಷ. ಅವನ ಜೊತೆಯಲ್ಲಿದ್ದ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೆ ಅವರು ತಂದೆಯನ್ನು ಹುಡುಕಿಕೊಂಡು ಹಿಂದಕ್ಕೆ ಹೋಗಿದ್ದರೆ ಇವತ್ತು ಬೆಟ್ಟ ಆಗುವುದಿಲ್ಲ. ಇವತ್ತು ಆಗದಿದ್ದರೆ ಹರಕೆ ಉಳಿಯಿತು. ಹರಕೆ ಉಳಿದರೆ ನಾಳೆ ಸೆಲೀನ ಹೋಗುವ ಹಾಗಿಲ್ಲ. ಇನ್ನೊಂದು ವರ್ಷ ಮನೆಯಲ್ಲೇ. ಆ ಕೊನೆಯ ಯೋಚನೆ ಬಂದದ್ದೇ ಕುಂಜೇಲಿಯ ಒಳಗೆ ಎಲ್ಲೋ ಒಂದು ಮೂಲೆ ಸಮಾಧಾನದಿಂದ ತಣ್ಣಗಾಯಿತು. ಬೆಂಕಿ ಮುಟ್ಟಿದವಳ ಹಾಗೆ ಅವಳು ಜಪಸರ ಬಿಗಿಯಾಗಿ ಹಿಡಿದಳು. ತಲೆಯೆತ್ತಿದರೆ ಸೆಲೀನ ಅವಳನ್ನೇ ನೋಡುತ್ತಿದ್ದಳು.

"ಇಳಿದು ಹುಡುಕೋಣವಾ ಅಮ್ಮಚ್ಚಿ, ಮುಂದೆ ಹೋಗೋಣವಾ?" ಎಂದಳು ಸೆಲೀನ.

ಇಳಿದು ಹುಡುಕುತ್ತ ನಿಂತರೆ ದಿನ ತಾನಾಗಿಯೇ ಮುಗಿಯುತ್ತದೆ. ಯಾರೂ ಅವಳನ್ನು ದೂರುವ ಹಾಗಿಲ್ಲ. ಕುಂಜೇಲಿ ಕಿಟಕಿಯಾಚೆಯ ಮೇಕೆಯನ್ನು ಒಮ್ಮೆ ನೋಡಿದಳು.

"ಮುಂದೆ ಹೋಗೋಣ," ಎಂದಳು. "ಪೈಲಿಗೆ ನಾನು ಗೊತ್ತು."

ಮಲಯಾಟ್ಟೂರಿನ ಬೆಟ್ಟದ ಬುಡದಲ್ಲಿ ಮರದ ಶಿಲುಬೆ ಹೊತ್ತವರು, ಬರಿಗಾಲಿನವರು, ಐಸ್ ಮಾರುವವರು, ಎಲ್ಲರ ನಡುವೆ ಅಂತಪ್ಪನ್ ಅಣ್ಣನ ಹೆಗಲ ಮೇಲೆ ಕೂತು ಎರಡು ಕೈಯಲ್ಲೂ ಬಾಳೆಹಣ್ಣು ಹಿಡಿದಿದ್ದ. ಮೊದಲು ಕಂಡವಳು ರಾಹೇಲಮ್ಮ. "ಅದು ನಿಮ್ಮದಾ ನೋಡಿ," ಎಂದಳು. ಈ ಸಲ ಹೌದು.

"ಏನೋ ಪೈಲಿ, ನಿಲ್ಲಿಸಿದ ಕಡೆ ನಿಲ್ಲಬಾರದಾ?"

"ಯಾಕೆ ನಿಲ್ಲಲಿ?" ಎಂದ ಪೈಲಿ ಸಿಟ್ಟಿನಿಂದಲೇ. "ಅಪ್ಪಚ್ಚನ್‌ಗೆ ಹೇಳಿದೆ, ಅಮ್ಮಚ್ಚಿ ಹಿಂದಕ್ಕೆ ಹೋಗಲ್ಲ, ಅಲ್ಲೇ ಕಾಯೋದೂ ಇಲ್ಲ, ನೆಟ್ಟಗೆ ಬೆಟ್ಟಕ್ಕೆ ಹೋಗ್ತಾರೆ ಅಂತ. 'ಇಪ್ಪತ್ತಮೂರು ವರ್ಷದಲ್ಲಿ ಅವಳು ಒಬ್ಬಳೇ ಅಷ್ಟು ದೂರ ಹೋಗಿದ್ದು ನೋಡಿದ್ದೀಯೇನೋ' ಅಂತ ನನ್ನನ್ನೇ ಬೈದ್ರು. ಶಿಲುಬೆ ಹೊತ್ತ ಹುಡುಗರ ಲಾರಿ ಬಂತು, ಹತ್ತಿಕೊಂಡು ಬಂದ್ವಿ."

ಕುಂಜೇಲಿ ಹನ್ನೊಂದು ತಲೆಗಳನ್ನೂ ಮುಟ್ಟಿ ನೋಡಿದಳು. ಬಸ್ಸಿನವರು ಒಬ್ಬೊಬ್ಬರಾಗಿ ಬಂದು ತಾವೂ ಎಣಿಸಿ, ತೃಪ್ತಿಪಟ್ಟು ಬೆಟ್ಟ ಹತ್ತಿದರು.

"ಹೋಗೋಣವಾ?" ಎಂದ ವರ್ಕಿ. "ಬಿಸಿಲೇರಿದ್ರೆ ಪುಟ್ಟವರು ಹತ್ತಲ್ಲ."

"ನಿಮ್ಮ ಅಪ್ಪಚ್ಚನ್ ಬರಲಿ."

"ಅಪ್ಪಚ್ಚನ್ ಹರಕೆಯಲ್ಲಿ ಇಲ್ವಲ್ಲ," ಎಂದಳು ಬ್ರಿಜೀತ್ತ. "ಮಕ್ಕಳು ಅಂತ ತಾನೇ ಹೇಳಿದ್ದು?"

"ಎಣಿಕೇಲಿ ಇಲ್ಲದವರನ್ನ ಬಿಟ್ಟು ಹೋದ್ರೆ ಹೇಗಿರುತ್ತೆ ಅಂತ ನನ್ನ ಕೇಳು," ಎಂದಳು ಕುಂಜೇಲಿ.

ಕಾದರು. ಹನ್ನೆರಡಾಯಿತು, ಎರಡಾಯಿತು. ಊಟ ಜೀಪಿನಲ್ಲಿತ್ತು. ಅವಳಿಗಳು ಒಂದು ಬಾಳೆಹಣ್ಣಿಗೆ ಜಗಳವಾಡಿ ಅದನ್ನು ಮಣ್ಣಿಗೆ ಬೀಳಿಸಿದರು. ಮೂರೂವರೆಗೆ ಧೂಳೆಬ್ಬಿಸಿಕೊಂಡು ಜೀಪು ಬಂತು. ಅದರಲ್ಲಿ ಔತಕ್ಕುಟ್ಟಿಯ ಜೊತೆ ಪಾದ್ರಿಯಚ್ಚನ್ ಇದ್ದರು, ಹದಿಮೂರು ಮಕ್ಕಳ ನಾದಿನಿ ಇದ್ದಳು, ಬೇಲಿಯಾಚೆ ಮನೆಯವರು ನಾಲ್ವರಿದ್ದರು, ಒಂದು ಉದ್ದನೆಯ ಹಗ್ಗವೂ ಇತ್ತು.

ಪಾಪ್ಪಿ 'ಹೋಗಿದ್ದಾಳೆ' ಎಂದ ಕೂಡಲೇ ಔತಕ್ಕುಟ್ಟಿ ಮನೆಗೇ ಹೋಗಿದ್ದಾಳೆ ಎಂದುಕೊಂಡು ಗುಡ್ಡ ಹತ್ತಿದ್ದ. ಮನೆಯಲ್ಲಿ ಹಸು ಮಾತ್ರ ಸಿಕ್ಕಿತು. ಊರವರನ್ನು ಕರೆದುಕೊಂಡು ತಿರುಗಿ ಹೊರಟ. ಸೇತುವೆಯ ಹತ್ತಿರ ನೋಡಿದರೆ ಇಬ್ಬರಿಲ್ಲ. ಮುಂದಿನ ಸ್ಟಾಪಿನಲ್ಲಿ ಮೂವರಿಲ್ಲ. ಅದರಾಚೆ ಮೂವರಿಲ್ಲ. ಶಾಲೆಯ ಹತ್ತಿರವೂ ಯಾರೂ ಇಲ್ಲ.

"ಹೆಂಡತೀನ ಹುಡುಕೋಕೆ ಹೋಗಿ ಮಕ್ಕಳನ್ನೂ ಕಳೆದುಕೊಂಡೆ ಅಂತ ಅಳ್ತಿದ್ದ," ಎಂದರು ಪಾದ್ರಿಯಚ್ಚನ್ ಜೀಪಿನಿಂದ ಇಳಿಯುತ್ತ. "ದಾರೀಲಿ ಒಬ್ಬ ಹೇಳಿದ, ಬಿಳಿ ರವಿಕೆ, ಬಿಳಿ ಮುಂಡು ಉಟ್ಟ ಹೆಂಗಸೊಬ್ಬಳು ಸ್ಟಾಪ್ ಸ್ಟಾಪಲ್ಲೂ ಮಕ್ಕಳನ್ನ ಎತ್ತಿ ಬಸ್ಸಿಗೆ ಹಾಕ್ಕೊಂಡು ಹೋದಳು ಅಂತ. ಆವಾಗ ನಗು ಬಂತು ನೋಡು ಇವನಿಗೆ."

"ಹಗ್ಗ ಯಾಕೆ?" ಎಂದಳು ಕುಂಜೇಲಿ.

ಔತಕ್ಕುಟ್ಟಿ ನೆಲ ನೋಡಿದ. "ಬಾವಿಗೆ ಗೀವಿಗೆ ಬಿದ್ದಿದ್ರೆ ಅಂತ." ಸ್ವಲ್ಪ ತಡೆದು, "ನಿನ್ನ ಪಾಲಿನ ಐದನೇ ಹತ್ತು ನಾನೇ ಹೇಳಿದೆ," ಎಂದ.

"ಹೇಳಿದ್ರಂತೆ. ಬನ್ನಿ."

ಬೆಟ್ಟ ಕಡಿದಾಗಿತ್ತು. ಅಂತಪ್ಪನ್ ಆರು ಹೆಗಲು ಬದಲಾಯಿಸಿದ. ಚಾಂಡಿ ಕಲ್ಲಿನ ಮೇಲೆ ಕೂತು ತನಗೆ ಕಾಮಾಲೆ ತಿರುಗಿ ಬಂದಿದೆ ಎಂದ. ನಾದಿನಿ ಅವನ ಕಿವಿ ಹಿಡಿದು ಎಬ್ಬಿಸಿದಳು, ಕಾಮಾಲೆ ಹೋಯಿತು. ಮೇಲಿನ ಗುಡಿಯಲ್ಲಿ ಜನ ಉಸಿರಾಡಲು ಜಾಗವಿಲ್ಲದಷ್ಟು. ಒಳಗೆ ಬಂದವರನ್ನು ಬಂದ ಹಾಗೇ ಹೊರಗೆ ಕಳಿಸುತ್ತಿದ್ದ ಸ್ವಯಂಸೇವಕನೊಬ್ಬ, "ನಡೀರಿ, ನಡೀರಿ, ನಿಲ್ಲಬೇಡಿ," ಎನ್ನುತ್ತಿದ್ದ.

"ಒಂದು ನಿಮಿಷ ಮಗನೇ," ಎಂದಳು ಕುಂಜೇಲಿ. "ಆರು ವ‍ರ್ಷದಿಂದ ಬರ್ತಿದ್ದೀನಿ."

ಅವನು ಅವಳ ಹಿಂದಿದ್ದ ಸಾಲನ್ನು ನೋಡಿದ. ಬದಿಗೆ ಸರಿದು, ಹಿಂದಿನಿಂದ ತಳ್ಳುತ್ತಿದ್ದವರಿಗೆ ಬೆನ್ನು ಕೊಟ್ಟು ನಿಂತ. ಹನ್ನೊಂದು ಮಕ್ಕಳೂ ಕಟಕಟೆಯ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತರು, ಬೆವರು, ಬಾಳೆಹಣ್ಣು, ಧೂಳು ಎಲ್ಲ ಮೆತ್ತಿಕೊಂಡು. ಕುಂಜೇಲಿ ಅವರನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಪೈಲಿಯ ಪಕ್ಕ ಸೆಲೀನ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಮೇಲೆ ತಾಯಿಯ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಸ್ವಯಂಸೇವಕ ಅವಸರ ಮಾಡಲಿಲ್ಲ. ಬೇಕಿದ್ದರೆ ಇನ್ನೂ ನಿಲ್ಲಬಹುದಿತ್ತು.

"ಆಯ್ತು," ಎಂದಳು ಕುಂಜೇಲಿ. "ಜನಕ್ಕೆ ದಾರಿ ಬಿಡಿ."

ಹೊರಗೆ ಬಂಡೆಯ ಮೇಲೆ ಊಟದ ಬುಟ್ಟಿ ಬಿಚ್ಚಿದರು. ಹದಿಮೂರು ಪೊಟ್ಟಣ, ತಿನ್ನುವವರು ಹತ್ತೊಂಬತ್ತು. ಅನ್ನ ಸ್ವಲ್ಪ ಹುಳಿಯಾಗಿತ್ತು, ಯಾರೂ ಗಮನಿಸಲಿಲ್ಲ. ಪಾದ್ರಿಯಚ್ಚನ್ ಬಾವಿಯ ಹಗ್ಗದ ಕಥೆಯನ್ನು ಆಗಲೇ ಅಲ್ಲಿದ್ದ ಅಪರಿಚಿತರಿಗೆ ಹೇಳತೊಡಗಿದ್ದರು. ಔತಕ್ಕುಟ್ಟಿ ಪ್ರತಿ ಸಾಲನ್ನೂ ತಿದ್ದುತ್ತಿದ್ದ. ಕುಂಜೇಲಿ ಮತ್ತು ಸೆಲೀನ ಸ್ವಲ್ಪ ಆಚೆ, ಒಂದೇ ಎಲೆಯಲ್ಲಿ ಮರಗೆಣಸು ಹಾಕಿಕೊಂಡು ಕೂತಿದ್ದರು.

"ಆ ಶಾಲೆಯ ಹತ್ತಿರ," ಎಂದಳು ಕುಂಜೇಲಿ, "ಪೈಲಿ ಇಲ್ಲ ಅಂತ ಗೊತ್ತಾದಾಗ, ನನಗೆ ಒಂದು ಕ್ಷಣ ಏನನ್ನಿಸ್ತು ಗೊತ್ತಾ? ಹೇಳೋಕೇ ನಾಚಿಕೆ."

ಸೆಲೀನ ಮೆಣಸಿನ ಚಟ್ನಿಯನ್ನು ತಾಯಿಯ ಕಡೆಗೆ ಸರಿಸಿದಳು.

"ಗೊತ್ತು ಅಮ್ಮಚ್ಚಿ," ಎಂದಳು. "ನನಗೂ ಅದೇ ಅನ್ನಿಸ್ತು."

ಇಬ್ಬರೂ ಎಲೆ ನೋಡುತ್ತ ಕೂತರು. ಆಮೇಲೆ ಕುಂಜೇಲಿಗೆ ನಗು ಬಂತು, ಸೆಲೀನಳಿಗೂ ಬಂತು. ಕತ್ತಲಾಗುವುದರೊಳಗೆ ಇಳಿಯಬೇಕೆಂದು ಔತಕ್ಕುಟ್ಟಿ ಕೂಗಿದ. ಅವರು ಏಳಲಿಲ್ಲ. ಎಲೆಯಲ್ಲಿ ಇನ್ನೂ ಎರಡು ತುಂಡು ಉಳಿದಿದ್ದವು.